ಕಲಿತ ವಿದ್ಯೆ ಯಾರ ಊರಿಗೆ?

(ಕೊಡ್ಲಿಪೇಟೆಯ ಬೀಳ್ಕೊಡುಗೆ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹೋಬಳಿಯ ಸಣ್ಣ ಹಿಡುವಳಿಯ ರೈತರೊಬ್ಬರ ಮಗಳು ನಗರ ಮತ್ತು ಪರಿಸರ ಯೋಜನೆ ಕಲಿಯಲು ಇಂಗ್ಲೆಂಡಿಗೆ ಹೊರಟಿದ್ದಾಳೆ. ನಾನು ಮೆಟ್ರಿಕ್ಕಿಗೇ ಓದು ನಿಲ್ಲಿಸಿದವನು. ಅವಳಿಗೆ ಅಕ್ಷರ ತಿದ್ದಿಸಿದ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಕಾಫಿ, ಮೆಣಸು, ಗದ್ದೆಯ ನಮಗೆ ಈ ವಿದ್ಯೆ ಏಕೆಂದು ಕೆಲವರು ಕೇಳಿದರು. 2018ರ ಆಗಸ್ಟ್ ತಿಂಗಳನ್ನು ನೆನೆಯಿರಿ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಮನೆ, ತೋಟ, ಪ್ರಾಣ ಎಲ್ಲ ಹೋದವು. ಮಳೆ ಸುರಿದದ್ದು ಆಕಾಶದಿಂದ. ಆದರೆ ರಸ್ತೆಗೆಂದು, ಕಟ್ಟಡಕ್ಕೆಂದು ಹಲವೆಡೆ ಇಳಿಜಾರು ಕಡಿದದ್ದು ಮನುಷ್ಯನ ಕೈ. ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು, ನೀರಿಗೆ ಯಾವ ದಾರಿ ಬಿಡಬೇಕು ಎಂದು ಮೊದಲೇ ಲೆಕ್ಕ ಹಾಕುವುದೇ ಈ ವಿದ್ಯೆ.

ಇದು ನಮಗೆ ಹೊಸದಲ್ಲ. ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ಮಂಡಳಿ ಹುಟ್ಟಿತು. ಈ ಶಾಸ್ತ್ರದ ಹಿರಿಯ, ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್, 1914ರಲ್ಲಿ ಭಾರತಕ್ಕೆ ಬಂದು ನಮ್ಮ ಊರುಗಳ ಓಣಿಗಳನ್ನು ನಡೆದು ನೋಡಿದರು. ಬಡವರ ಕೇರಿಯನ್ನು ಕೆಡವಿ ರಸ್ತೆ ಅಗಲ ಮಾಡುವುದು ಸುಧಾರಣೆಯಲ್ಲ, ಮೊದಲು ಊರನ್ನು ಅರಿಯಿರಿ ಎಂಬುದು ಅವರ ನಿಲುವು.

ಇನ್ನು ಹಣದ ಮಾತು. ಅಲ್ಲಿ ಪರದೇಶದ ವಿದ್ಯಾರ್ಥಿಗೆ ಶುಲ್ಕ ಹೆಚ್ಚು. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಇವಳ ತಂದೆ ತೋಟವನ್ನು ಬ್ಯಾಂಕಿಗೆ ಆಧಾರ ಬರೆದಿದ್ದಾರೆ. ಸಾಲ ತೀರಲು ಅಲ್ಲೇ ದುಡಿಯಬೇಕು. ಅಲ್ಲೇ ದುಡಿದರೆ ವಿದ್ಯೆ ಅಲ್ಲೇ ಉಳಿಯುತ್ತದೆ. ಹಿಂತಿರುಗದ ಮಕ್ಕಳನ್ನು ಬೈಯುವವರು ಈ ಲೆಕ್ಕವನ್ನೂ ನೋಡಬೇಕು. ಅಂಬೇಡ್ಕರರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ಬಡವರ ಮಕ್ಕಳಿಗೆ ಸಾರ್ವಜನಿಕ ಹಣ ಕೊಡಿ, ಮರಳಿ ಬಂದಾಗ ಜಿಲ್ಲೆಯಲ್ಲೇ ಕೆಲಸ ಕೊಡಿ. ಇದು ಭಿಕ್ಷೆಯಲ್ಲ, ಹಕ್ಕು.

ಮಗಳೇ, ಅಲ್ಲಿಯ ದೊಡ್ಡ ಚೌಕಗಳನ್ನಷ್ಟೇ ನೋಡಬೇಡ. ಕಸ ಗುಡಿಸುವವನ ಮನೆ ಎಲ್ಲಿದೆ, ಅವನು ಎಷ್ಟು ದೂರದಿಂದ ಕೆಲಸಕ್ಕೆ ಬರುತ್ತಾನೆ, ಕೊಳಚೆ ನೀರು ಯಾರ ಬಾಗಿಲಿಗೆ ಹರಿಯುತ್ತದೆ ಎಂಬುದನ್ನೂ ನೋಡು. ಕಲಿತದ್ದನ್ನು ನಮ್ಮ ಕನ್ನಡದಲ್ಲಿ ನಮಗೆ ಬರೆ.

ನಾವೂ ಸುಮ್ಮನೆ ಕೂರುವಂತಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯಿದೆಯಂತೆ, ಮಹಾಯೋಜನೆ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಜನರಿಗೆ ಅವಕಾಶವಿದೆ. ನಕ್ಷೆ ಓದಲು ಬಾರದವನಿಗೆ ಆ ಅವಕಾಶ ಬರಿಯ ಕಾಗದ. ಆದ್ದರಿಂದ ಬರುವ ಭಾನುವಾರ ಪೇಟೆಯನ್ನು ನಡೆದು, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಚರಂಡಿ ಮುಚ್ಚಿದೆ, ಎಲ್ಲಿ ಬರೆ ಜರಿಯುತ್ತಿದೆ ಎಂದು ಗುರುತು ಹಾಕೋಣ. ಆ ನಕ್ಷೆಯ ಒಂದು ಪ್ರತಿ ಪಂಚಾಯಿತಿಗೆ, ಒಂದು ಪ್ರತಿ ಇವಳಿಗೆ.

ಹೋಗಿ ಬಾ ಮಗಳೇ. ಬರುವಷ್ಟರಲ್ಲಿ ನಿನಗೆ ಇಲ್ಲಿ ಕೆಲಸ ಕಾದಿರುವಂತೆ ಮಾಡುವ ಹೊಣೆ ನಮ್ಮದು.