ದ್ರಾಕ್ಷಿಯ ಚಾಟ್ನಿ: ಕಾಲವೂ ಕ್ರಮವೂ



ದ್ರಾಕ್ಷಿಯು ಮೂಲತಃ ಕಾಡಿನ ಬಳ್ಳಿ. ಮರವನ್ನೇರಿ ಬೆಳಕನ್ನು ಹಿಡಿಯುವುದೇ ಅದರ ಸ್ವಭಾವ. ಅದನ್ನು ಹಾಗೆಯೇ ಬಿಟ್ಟರೆ ಚಪ್ಪರದ ತುಂಬ ಎಲೆಯಾಗುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಯುರೋಪಿನ ಚಳಿನಾಡುಗಳಲ್ಲಿ ಬಳ್ಳಿಯು ಎಲೆಯುದುರಿಸಿ ವಿಶ್ರಮಿಸುವುದರಿಂದ ಚಳಿಗಾಲದಲ್ಲಿ ಒಮ್ಮೆ ಸವರಿದರೆ ಸಾಕು. ಸುರೇಬಾನ, ಶಬರಿಕೊಳ್ಳದ ಗುಡ್ಡಗಳ ಸೀಮೆಯಲ್ಲಾಗಲಿ, ಅಥಣಿ, ವಿಜಯಪುರದ ತೋಟಗಳಲ್ಲಾಗಲಿ ಅಂತಹ ಚಳಿಯಿಲ್ಲ. ಆದುದರಿಂದ ಇಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಒಂದು ಬೆಳೆ.

ಮೊದಲನೆಯದು ಏಪ್ರಿಲ್ ಚಾಟ್ನಿ. ಕೊಯ್ಲು ಮುಗಿದ ಬಳಿಕ ಪ್ರತಿ ಕಡ್ಡಿಯಲ್ಲಿ ಒಂದೆರಡು ಕಣ್ಣುಗಳನ್ನು ಮಾತ್ರ ಉಳಿಸಿ ಕತ್ತರಿಸಬೇಕು. ಹೀಗೆ ಚಿಗುರಿದ ಹೊಸ ಕಡ್ಡಿಯ ಕಣ್ಣುಗಳೊಳಗೆ ಸುಮಾರು 40ರಿಂದ 60 ದಿನಗಳ ಅವಧಿಯಲ್ಲಿ ಮುಂದಿನ ಫಸಲು ನಿರ್ಧಾರವಾಗುತ್ತದೆ. ಒಂದೇ ಅಂಕುರವು ಗೊನೆಯಾಗಬಹುದು, ಇಲ್ಲವೇ ಕುಡಿಬಳ್ಳಿಯಾಗಬಹುದು. ಆ ದಿನಗಳಲ್ಲಿ ಕಣ್ಣಿಗೆ ಬಿಸಿಲು ಬೀಳಬೇಕು. ದಟ್ಟವಾದ ಚಿಗುರುಗಳನ್ನು ತೆಗೆದು, ಅತಿಯಾದ ಯೂರಿಯಾವನ್ನೂ ನೀರನ್ನೂ ತಡೆಯುವುದು ಇದಕ್ಕಾಗಿಯೇ.

ಎರಡನೆಯದು ಅಕ್ಟೋಬರ್ ಚಾಟ್ನಿ. ಇದು ಹಣ್ಣಿಗಾಗಿ. ಎಷ್ಟು ಕಣ್ಣು ಉಳಿಸಬೇಕೆಂಬುದು ತಳಿಯನ್ನು ಅವಲಂಬಿಸಿದೆ. ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಬುಡದ ಕಣ್ಣುಗಳು ಬಂಜೆಯಾಗಿರುವುದುಂಟು; ಅದಕ್ಕೆ ಕಡ್ಡಿಯನ್ನು ಉದ್ದವಾಗಿ ಬಿಡಬೇಕು. ಚಾಟ್ನಿಗೆ ಮುನ್ನ ಕೆಲವು ಕಣ್ಣುಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊನೆ ಎಲ್ಲಿದೆಯೆಂದು ತಿಳಿಯುತ್ತದೆ. ವಿದ್ಯಾರ್ಥಿಗಳು ಊರಿನ ರೈತರಿಗೆ ಮಾಡಿಕೊಡಬಹುದಾದ ಸೇವೆಯಿದು. ಕತ್ತರಿ ಹರಿತವಾಗಿರಲಿ, ಗಾಯವು ಕಣ್ಣಿನ ಮೇಲೆ ಅರ್ಧ ಅಂಗುಲ ಬಿಟ್ಟು ಓರೆಯಾಗಿರಲಿ.

ಹಿಂಗಾರು ಮಳೆ ನಿಲ್ಲುವ ಮೊದಲೇ ಅವಸರದಿಂದ ಸವರಿದರೆ ಎಳೆಯ ಚಿಗುರೂ ಹೂವೂ ಮಳೆಗೆ ಸಿಕ್ಕಿ ಡೌನಿ ರೋಗ ಹಬ್ಬುತ್ತದೆ. ತೀರಾ ತಡವಾದರೆ ಚಳಿಯಲ್ಲಿ ಕಣ್ಣು ಸಮನಾಗಿ ಒಡೆಯುವುದಿಲ್ಲ. ಈಗ ಮಳೆಯ ಲೆಕ್ಕವೇ ತಪ್ಪುತ್ತಿದೆ. 2021ರ ನವೆಂಬರ್‌ನ ಅಕಾಲಿಕ ಮಳೆಯು ದ್ರಾಕ್ಷಿಗೆ ಮಾಡಿದ ಹಾನಿ ಎಲ್ಲರಿಗೂ ತಿಳಿದದ್ದೇ. ಇಡೀ ತೋಟವನ್ನು ಒಂದೇ ದಿನ ಸವರದೆ ಭಾಗಭಾಗವಾಗಿ, ಎಂಟು ಹತ್ತು ದಿನಗಳ ಅಂತರದಲ್ಲಿ ಸವರಿದರೆ ನಷ್ಟವೂ ಹಂಚಿಹೋಗುತ್ತದೆ. ಗಾಳಿಯಾಡುವ ಚಪ್ಪರಕ್ಕೆ ಸಿಂಪಡಣೆಯೂ ಕಡಿಮೆ ಸಾಕು. ಉಳಿದದ್ದು ಹಣ ಮಾತ್ರವಲ್ಲ, ಹಳ್ಳಕ್ಕೆ ಇಳಿಯಬೇಕಿದ್ದ ವಿಷವೂ ಹೌದು. ರೋಗ ತಗುಲಿದ ಎಲೆಗಳನ್ನು ಬಳ್ಳಿಯ ಬುಡದಲ್ಲಿ ಕೊಳೆಯಲು ಬಿಡಬಾರದು.

ಕೊನೆಯದಾಗಿ, ಕೂಲಿಕಾರರ ಮಾತು. ಅಕ್ಟೋಬರ್ ಚಾಟ್ನಿಯ ನಂತರ ಕಣ್ಣು ಒಡೆಯಲೆಂದು ಹಚ್ಚುವ ಹೈಡ್ರೋಜನ್ ಸೈನಮೈಡ್ ಚರ್ಮವನ್ನೂ ಕಣ್ಣನ್ನೂ ಸುಡುವ ರಾಸಾಯನಿಕ. ಅದನ್ನು ಮುಟ್ಟಿದವರು ಮದ್ಯ ಸೇವಿಸಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ಉಸಿರಾಟ ಕಷ್ಟವಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಹಚ್ಚುವ ದಿನವೂ ಅದರ ಹಿಂದುಮುಂದಿನ ಕೆಲವು ದಿನಗಳೂ ಮದ್ಯ ಸಲ್ಲದು. ರಬ್ಬರ್ ಕೈಗವಸು, ಕನ್ನಡಕ, ಮೈಮುಚ್ಚುವ ಬಟ್ಟೆ ಕೊಡುವುದು ತೋಟದ ಒಡೆಯನ ಹೊಣೆ. ಬಳ್ಳಿಯ ಕಣ್ಣು ತೆರೆಸಲು ಹೋಗಿ ಮನುಷ್ಯನ ಕಣ್ಣು ಮುಚ್ಚಿಸುವಂತಾಗಬಾರದು.