ಅಳಿಸಿದರೂ ಉಳಿದ ಟಿಪ್ಪಣಿ

ಇ-ಮೇಲ್ ಬಂದದ್ದರಿಂದ ಕಚೇರಿಯ ಕೆಲಸ ಚುರುಕಾಯಿತು ಎನ್ನುವುದು ವಾಡಿಕೆ. ಆದರೆ ಟೆಲಿಫೋನ್ ಅದಕ್ಕಿಂತ ಚುರುಕಾಗಿತ್ತಲ್ಲ! ಇ-ಮೇಲ್ ಬಂದ ಮೇಲೆ ಮಾತಾಡುವ ಸಲಿಗೆಯಲ್ಲಿ ಬರೆದದ್ದು ಬರೆದವರ ಅರಿವಿಗೇ ಬಾರದೆ ಕಡತವಾಗತೊಡಗಿತು. ನಿಜವಾದ ಬದಲಾವಣೆ ಇದು ಎಂಬುದು ನನ್ನ ವಾದ. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1965ರಲ್ಲೇ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಅಂಚೆಯ ಪ್ರೋಗ್ರಾಂ ಬರೆದಿದ್ದರು; ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ದಾಟಿಸಿದ್ದು 1971ರಲ್ಲಿ, ರೇ ಟಾಮ್ಲಿನ್ಸನ್. ಅವೆಲ್ಲ ತಂತ್ರಜ್ಞರ ಲೋಕದ ಮಾತು. ಸಾಮಾನ್ಯ ಅಧಿಕಾರಿಯ ಮೇಜಿಗೆ ಅಂಚೆಯನ್ನು ತಂದ ತಂತ್ರಾಂಶಗಳಲ್ಲಿ ಮುಖ್ಯವಾದದ್ದು 1981ರ ಹೊತ್ತಿಗೆ ಐಬಿಎಂ ಮಾರುಕಟ್ಟೆಗೆ ಬಿಟ್ಟ ಪ್ರಾಫ್ಸ್.

ಪ್ರಾಫ್ಸ್‌ನಲ್ಲಿ ಟಿಪ್ಪಣಿ, ದಿನಚರಿ, ದಸ್ತಾವೇಜು ಎಲ್ಲವೂ ಒಂದೇ ಪರದೆಯ ಮೇಲೆ ಸಿಗುತ್ತಿದ್ದವು. ಟೈಪಿಸ್ಟ್ ಬೇಡ, ಜವಾನ ಬೇಡ, ಜಾವಕ ಪುಸ್ತಕದಲ್ಲಿ ನಮೂದಿಸುವ ಗೋಜೂ ಇಲ್ಲ. ಹೀಗಾಗಿ ಬರೆಯುವವನಿಗೆ ತಾನು ಖಾಸಗಿಯಾಗಿ ಮಾತಾಡುತ್ತಿದ್ದೇನೆ ಎನಿಸಿದ್ದರೆ ಅಚ್ಚರಿಯಿಲ್ಲ. ಆದರೆ ಮೇಜಿನ ಮೇಲಿದ್ದದ್ದು ಬರೀ ಪರದೆ ಮತ್ತು ಕೀಲಿಮಣೆ. ಅಕ್ಷರಗಳು ಇರುತ್ತಿದ್ದದ್ದು ಬೇರೆಲ್ಲೋ ಇದ್ದ ದೊಡ್ಡ ಕಂಪ್ಯೂಟರಿನಲ್ಲಿ, ಅಂದರೆ ಮೇನ್‌ಫ್ರೇಮ್‌ನಲ್ಲಿ. ಯಂತ್ರ ಕೆಟ್ಟರೆ ಇರಲಿ ಎಂದು ಅದರ ಸಿಬ್ಬಂದಿ ಎಲ್ಲವನ್ನೂ ಆಗಾಗ ಟೇಪಿಗೆ ನಕಲು ಮಾಡಿಡುತ್ತಿದ್ದರು.

ಇದರ ಪರಿಣಾಮ ಬಯಲಾದದ್ದು ಅಮೆರಿಕದ ಶ್ವೇತಭವನದಲ್ಲಿ. ಇರಾನಿಗೆ ಆಯುಧ ಮಾರಿ ಆ ಹಣವನ್ನು ನಿಕರಾಗುವಾದ ಬಂಡುಕೋರರಿಗೆ ತಲುಪಿಸಿದ ಹಗರಣ 1986ರ ನವೆಂಬರಿನಲ್ಲಿ ಹೊರಬೀಳುತ್ತಿದ್ದಂತೆ, ರಾಷ್ಟ್ರೀಯ ಭದ್ರತಾ ಸಲಹೆಗಾರ ಜಾನ್ ಪಾಯಿಂಡೆಕ್ಸ್‌ಟರ್ ಮತ್ತು ಅವರ ಕೈಕೆಳಗಿನ ಆಲಿವರ್ ನಾರ್ತ್ ತಮ್ಮ ಪ್ರಾಫ್ಸ್ ಟಿಪ್ಪಣಿಗಳನ್ನು ಅಳಿಸಿದರು. ಪಾಯಿಂಡೆಕ್ಸ್‌ಟರ್ ಒಬ್ಬರೇ ಅಳಿಸಿದ್ದು 5,000ಕ್ಕೂ ಹೆಚ್ಚು. ಟೇಪುಗಳಲ್ಲಿ ಮಾತ್ರ ಅವು ಹಾಗೆಯೇ ಇದ್ದವು. ಹಗರಣವನ್ನು ಪರಿಶೀಲಿಸಿದ ಟವರ್ ಆಯೋಗದ 1987ರ ಫೆಬ್ರವರಿಯ ವರದಿಯಲ್ಲಿ ಅವುಗಳಲ್ಲಿ ಹಲವು ಅಚ್ಚಾದವು. ಕಾಗದವನ್ನು ಚೂರು ಮಾಡುವ ಯಂತ್ರವನ್ನು ನಾರ್ತ್ ಚೆನ್ನಾಗಿಯೇ ಬಳಸಿದ್ದರು, ಪಾಪ!

ಇದು ಟೇಪಿನ ಕರಾಮತ್ತು, ಇ-ಮೇಲಿನದ್ದೇನು ಎಂದು ಯಾರಾದರೂ ಕೇಳಬಹುದು. ಒಪ್ಪತಕ್ಕ ಪ್ರಶ್ನೆಯೇ. ಆದರೆ ಎಲ್ಲರ ಪತ್ರಗಳನ್ನೂ ಒಂದೇ ಕಡೆ ಇಡುವುದು ಪ್ರಾಫ್ಸ್‌ನ ರಚನೆಯಲ್ಲೇ ಇತ್ತು. ಟೇಪು ಅದರ ಫಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸರ್ಕಾರದ್ದು: ಮುಖ್ಯವಾದದ್ದನ್ನು ಮುದ್ರಿಸಿ ಕಡತಕ್ಕೆ ಸೇರಿಸಿದರೆ ಸಾಲದೇ? ಅಧ್ಯಕ್ಷ ರೇಗನ್ ಅಧಿಕಾರಾವಧಿಯ ಕೊನೆಯ ಸಂಜೆ, 1989ರ ಜನವರಿ 19ರಂದು, ಟೇಪುಗಳನ್ನು ಅಳಿಸದಂತೆ ನ್ಯಾಷನಲ್ ಸೆಕ್ಯೂರಿಟಿ ಆರ್ಕೈವ್ ಎಂಬ ಸಂಶೋಧನಾ ಸಂಸ್ಥೆ ನ್ಯಾಯಾಲಯದಿಂದ ತಡೆ ತಂದಿತ್ತು. ಆ ಮೊಕದ್ದಮೆಯಲ್ಲಿ 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಸರ್ಕಾರದ ವಾದವನ್ನು ತಳ್ಳಿಹಾಕಿತು. ಯಾರಿಗೆಲ್ಲ ಹೋಯಿತು, ಯಾವಾಗ ತಲುಪಿತು ಎಂಬ ವಿವರ ಮುದ್ರಿತ ಹಾಳೆಯಲ್ಲಿ ಬಿಟ್ಟುಹೋಗಬಹುದು. ಯಾರಿಗೆ ಏನು ಯಾವಾಗ ಗೊತ್ತಿತ್ತು ಎಂಬುದೇ ಹಗರಣದ ತಿರುಳಾಗಿದ್ದಾಗ ಆ ಹಾಳೆ ಅರ್ಧ ಸಾಕ್ಷಿ. ಬರೆದದ್ದೆಲ್ಲ ದಾಖಲೆಯಾಗಿ ಉಳಿದರೆ ಅಧಿಕಾರಿಗಳು ಮನಬಿಚ್ಚಿ ಬರೆಯುವುದನ್ನೇ ಬಿಟ್ಟು ಟೆಲಿಫೋನಿಗೆ ಮರಳುತ್ತಾರೆ ಎಂಬ ಭಯವೂ ಸುಳ್ಳಲ್ಲ. ಆದರೂ ದಿನವಿಡೀ ಎಚ್ಚರದಿಂದಿದ್ದು ಕೆಲಸ ಮಾಡುವುದು ಯಾರಿಗೂ ಆಗದು. 1994ರಲ್ಲಿ ಶ್ವೇತಭವನ ತನ್ನ ಇ-ಮೇಲ್ ತಾನಾಗಿ ದಾಖಲೆಗೆ ಸೇರುವ ವ್ಯವಸ್ಥೆಯನ್ನು ಹೂಡಿತು. ಪತ್ರಗಳು ನಿಲ್ಲಲಿಲ್ಲ, ಲಕ್ಷಗಟ್ಟಲೆ ಬಂದು ಬಿದ್ದವು.