ಉತ್ಸಾಹದ ಋತುವಿಗಾಗಿ ಕಾಯಬೇಕೇ?

(ಕರಾವಳಿಯ ಪಟ್ಟಣವೊಂದರಲ್ಲಿ ಜರುಗಿದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹರೂಪ)



ಬೇಸಗೆ ರಜೆಯಲ್ಲಿ ನಮ್ಮ ಮನೆಗಳಲ್ಲಿ ಕಾಣುವ ಲವಲವಿಕೆಯನ್ನು ನೆನಪಿಸಿಕೊಳ್ಳೋಣ. ಮಕ್ಕಳು ಶಿಬಿರಗಳಿಗೆ ಹೋಗಿ ಚಿತ್ರ ಬಿಡಿಸುತ್ತಾರೆ, ಕಥೆ ಬರೆಯುತ್ತಾರೆ, ಅರಬಿ ಅಕ್ಷರಗಳನ್ನು ಅಂದವಾಗಿ ಮೂಡಿಸಲು ಕಲಿಯುತ್ತಾರೆ. ಹೆಣ್ಣುಮಕ್ಕಳು ಕಸೂತಿಗೆ ಕೂರುತ್ತಾರೆ. ಜೂನ್ ತಿಂಗಳ ಮೊದಲ ಮಳೆ ಬಿದ್ದದ್ದೇ ತಡ, ಬಣ್ಣದ ಪೆಟ್ಟಿಗೆ ಕಪಾಟಿನ ಮೇಲೇರುತ್ತದೆ. ಅರ್ಧ ಹೊಲಿದ ಬಟ್ಟೆ ಮೂಲೆ ಸೇರುತ್ತದೆ. ಶಾಲೆ, ಟ್ಯೂಷನ್, ಒಣಗದ ಬಟ್ಟೆಗಳ ರಾಶಿ, ಬಂದು ಹೋಗುವ ಕರೆಂಟು, ಮೋಡ ಮುಸುಕಿದ ಹಗಲು. ಮುಂದಿನ ಬೇಸಗೆಯ ತನಕ ಸೃಜನಶೀಲತೆಗೆ ರಜೆ.

ಇದೆಲ್ಲವೂ ಸೋಮಾರಿತನವೆಂದು ಹಳಿಯುವುದು ಸರಿಯಲ್ಲ. ನಮ್ಮ ನಿದ್ರೆ ಮತ್ತು ಎಚ್ಚರದ ಲಯವು ಬೆಳಕನ್ನು ಅವಲಂಬಿಸಿದೆ. ಬೆಳಕು ಕುಂದಿದಾಗ ಉತ್ಸಾಹವೂ ಕುಂದುವುದು ಸಹಜ. ಆದರೆ ಯಾರಿಗಾದರೂ ವಾರಗಟ್ಟಲೆ ನಿದ್ರೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ ಹೋದರೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಅದನ್ನು ಈಮಾನ್‌ನ ಕೊರತೆಯೆಂದು ಮೂದಲಿಸುವುದು ರೋಗಿಯ ಮೇಲೆಸಗುವ ಅನ್ಯಾಯ.

ಉತ್ಸಾಹ ಕುಂದುವ ಈ ಅನುಭವ ಸಹಾಬಿಗಳಿಗೂ ಹೊಸತಾಗಿರಲಿಲ್ಲ. ಹ. ಹಂಝಲಾ(ರ) ಪ್ರವಾದಿಯವರ(ಸ) ಲಿಪಿಕಾರರಲ್ಲೊಬ್ಬರು. ಪ್ರವಾದಿಯವರ(ಸ) ಸನ್ನಿಧಿಯಲ್ಲಿರುವಾಗ ಮಿಡಿಯುವ ತಮ್ಮ ಹೃದಯವು ಮನೆಗೆ ಮರಳಿ ಮಡದಿ ಮಕ್ಕಳ, ಜೀವನೋಪಾಯದ ಗಡಿಬಿಡಿಯಲ್ಲಿ ಮುಳುಗಿದಾಗ ಮೊದಲಿನಂತಿರುವುದಿಲ್ಲವೆಂದು ಅವರು ಕಳವಳಗೊಂಡರು. ತಾನು ಕಪಟಿಯಾಗಿಬಿಟ್ಟೆನೇನೋ ಎಂದು ಹೆದರಿದರು. ಹ. ಅಬೂಬಕರ್(ರ) ತಮ್ಮ ಸ್ಥಿತಿಯೂ ಅದೇ ಎಂದರು. ಇಬ್ಬರೂ ಪ್ರವಾದಿಯವರ(ಸ) ಬಳಿಗೆ ಹೋದಾಗ ಅವರು ಗದರಲಿಲ್ಲ. ಆ ಉತ್ಕಟ ಸ್ಥಿತಿ ಸದಾ ಇರುವಂಥದಲ್ಲ, ಒಂದು ಗಳಿಗೆ ಹಾಗೆ, ಇನ್ನೊಂದು ಗಳಿಗೆ ಹೀಗೆ ಎಂಬರ್ಥದಲ್ಲಿ ಸಮಾಧಾನಪಡಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆ ವರದಿಯಾಗಿದೆ.

ಹಾಗಾದರೆ ಉತ್ಸಾಹ ಇಲ್ಲದ ಗಳಿಗೆಯಲ್ಲಿ ಮಾಡುವುದೇನು? ಇದಕ್ಕೆ ಉತ್ತರವೂ ಹದೀಸಿನಲ್ಲಿದೆ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದದ್ದು ಅಲ್ಪವಾದರೂ ನಿರಂತರವಾಗಿರುವ ಕರ್ಮ ಎಂಬ ಆಶಯದ ಪ್ರವಾದಿ(ಸ) ವಚನವನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ನಾವು ಈ ವಚನವನ್ನು ನಫಿಲ್ ನಮಾಝ್‌ಗೆ ಸೀಮಿತಗೊಳಿಸಿಬಿಟ್ಟಿದ್ದೇವೆ. ಲೇಖನಿಗೂ ಸೂಜಿ ನೂಲಿಗೂ ಇದು ಏಕೆ ಅನ್ವಯವಾಗಬಾರದು? ನಾವು ಸೃಷ್ಟಿಕರ್ತರಲ್ಲ, ಸೃಷ್ಟಿಕರ್ತನು ಅಲ್ಲಾಹನೊಬ್ಬನೇ. ಆದರೆ ಕಟ್ಟುವ, ಬರೆಯುವ, ಹೆಣೆಯುವ ಸಾಮರ್ಥ್ಯವು ಅವನು ನಮಗೊಪ್ಪಿಸಿದ ಅಮಾನತ್ತು. ಅಮಾನತ್ತಿಗೆ ಮಳೆಗಾಲದ ರಜೆಯಿಲ್ಲ.

ನಮ್ಮ ಆರಾಧನೆಗಳ ವ್ಯವಸ್ಥೆಯನ್ನೇ ಗಮನಿಸಿರಿ. ಚಾಂದ್ರಮಾನ ವರ್ಷವು ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ರಮಝಾನ್ ತಿಂಗಳು ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಸೆಕೆಯಲ್ಲೂ ಉಪವಾಸ, ಸುರಿಮಳೆಯಲ್ಲೂ ಉಪವಾಸ. ಮಂಗಳೂರಿನಲ್ಲಿ ನವೆಂಬರ್ ಕೊನೆಗೆ ಸಂಜೆ ಸುಮಾರು 6 ಗಂಟೆಗೆ ಮುಳುಗುವ ಸೂರ್ಯ, ಜೂನ್ ಕೊನೆಗೆ ಮುಳುಗುವುದು ಸುಮಾರು 7 ಗಂಟೆಗೆ. ಮಗ್ರಿಬ್‌ನ ವೇಳೆ ಸರಿಯುತ್ತದೆ, ಮಗ್ರಿಬ್ ತಪ್ಪುವುದಿಲ್ಲ. ಮನಸ್ಸು ಬಂದಾಗ ನಮಾಝ್ ಮಾಡೋಣ ಎಂದು ಯಾರೂ ಕಾಯುವುದಿಲ್ಲ. ವೇಳೆಯಾಯಿತೆಂದು ಎದ್ದು ನಿಲ್ಲುತ್ತೇವೆ, ಮನಸ್ಸು ಆಮೇಲೆ ಜೊತೆಗೂಡುತ್ತದೆ. ಸೃಜನಶೀಲತೆಯ ಗುಟ್ಟೂ ಇದೇ.

ಕನ್ನಡ ಸಾಹಿತ್ಯದಲ್ಲೇ ಇದಕ್ಕೆ ಸಾಕ್ಷಿಗಳಿವೆ. 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಪ್ರಕಟವಾದದ್ದು 1981ರಲ್ಲಿ. ಅವರಿಗಾಗ ನಲ್ವತ್ತೈದರ ಆಸುಪಾಸು. ನಲ್ವತ್ತು ದಾಟಿದ ಗೃಹಿಣಿಗೆ ಇನ್ನೇನು ಉಳಿದಿದೆ ಎನ್ನುವವರಿಗೆ ಇದೇ ಉತ್ತರ. ಹಾಸನದ ವಕೀಲೆ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಆ 12 ಕಥೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ರಚಿತವಾದವು. ಕೋರ್ಟು, ಸಂಸಾರ, ಸಾರ್ವಜನಿಕ ಹೋರಾಟಗಳ ನಡುವೆ ಮೂರು ದಶಕಗಳ ಕಾಲ ಆರದೆ ಉರಿದ ದೀಪವದು. ಮಹಿಳೆಯರ ಮಸೀದಿ ಪ್ರವೇಶದ ಹಕ್ಕಿನ ಪರ ಮಾತನಾಡಿದ್ದಕ್ಕಾಗಿ 2000ನೇ ಇಸವಿಯಲ್ಲಿ ಅವರು ಸಾಮಾಜಿಕ ಬಹಿಷ್ಕಾರವನ್ನೂ ಎದುರಿಸಬೇಕಾಯಿತು. ಈ ಲೇಖಕಿಯರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಪ್ರಶಸ್ತಿ ಬಂದಾಗ ನಮ್ಮವರೆಂದು ಹೆಮ್ಮೆಪಡುವ ನಾವು, ಬರೆಯುವಾಗ ಅವರಿಗೆ ಏನು ಕೊಟ್ಟಿದ್ದೆವು ಎಂದು ಕೇಳಿಕೊಳ್ಳಲೇಬೇಕು.

ಹವಾಮಾನದ ಋತುಗಳಂತೆಯೇ ರಾಜಕೀಯಕ್ಕೂ ಋತುಗಳಿವೆ. 2022ರಲ್ಲಿ ಶಿರವಸ್ತ್ರದ ವಿವಾದ ಭುಗಿಲೆದ್ದಾಗ ನಮ್ಮ ಯುವಕ ಯುವತಿಯರು ಬರೆದರು, ಮಾತನಾಡಿದರು, ಸಂವಿಧಾನ ಓದಿದರು. ಅದು ಅಗತ್ಯವೇ ಆಗಿತ್ತು. ಆದರೆ ವಿವಾದದ ಬಿಸಿ ಆರಿದ ಬಳಿಕ ಆ ಲೇಖನಿಗಳಲ್ಲಿ ಎಷ್ಟು ಉಳಿದುಕೊಂಡವು? ಕೆಣಕಿದಾಗ ಮಾತ್ರ ಬರೆಯುವ ಸಮುದಾಯವು ತನ್ನ ವಿಷಯವನ್ನು ತಾನು ಆರಿಸಿಕೊಳ್ಳುವುದಿಲ್ಲ, ಕೆಣಕುವವರು ಆರಿಸಿಕೊಡುತ್ತಾರೆ. ನಮ್ಮ ಅಜ್ಜಿಯರ ಕಥೆಗಳು, ಅಡುಗೆಮನೆಯ ಜಾಣ್ಮೆ, ಬ್ಯಾರಿ ಮತ್ತು ನವಾಯತಿ ಮಾತಿನ ಸೊಗಸು, ನೆರೆಹೊರೆಯ ಹಿಂದೂ ಕ್ರೈಸ್ತ ಕುಟುಂಬಗಳೊಂದಿಗಿನ ಒಡನಾಟ - ಇವನ್ನು ಯಾವ ಟಿವಿ ಚರ್ಚೆಯೂ ದಾಖಲಿಸದು. ಇವುಗಳನ್ನು ನಾವೇ, ಯಾವ ವಿವಾದವೂ ಇಲ್ಲದ ಸಾಮಾನ್ಯ ದಿನಗಳಲ್ಲಿ, ಬರೆದಿಡಬೇಕು.

ಇನ್ನು ಮನೆಯ ಮಾತು. ಉತ್ಸಾಹ ಕುಂದಿತೆಂದು ನಾವು ಹೇಳುವ ಅನೇಕ ಸಂದರ್ಭಗಳಲ್ಲಿ ಕುಂದಿರುವುದು ಉತ್ಸಾಹವಲ್ಲ, ಬಿಡುವು. ಮದುವೆಗೆ ಮುನ್ನ ಕವನ ಬರೆಯುತ್ತಿದ್ದ ಹುಡುಗಿ ಮದುವೆಯ ಬಳಿಕ ಬರೆಯುವುದಿಲ್ಲವೆಂದರೆ ಕಾರಣವನ್ನು ಅವಳ ಮನಸ್ಸಿನಲ್ಲಿ ಹುಡುಕುವ ಮುಂಚೆ ಸಿಂಕಿನಲ್ಲಿರುವ ಪಾತ್ರೆಗಳಲ್ಲಿ ಹುಡುಕಬೇಕು. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಭಾಷಣ ಮಾಡುವ ಪುರುಷರಾದ ನಾವು ದಿನಕ್ಕೆ ಅರ್ಧ ಗಂಟೆ ಅಡುಗೆಮನೆಯಲ್ಲಿ ನಿಂತರೆ ಆ ಅರ್ಧ ಗಂಟೆ ಅವಳದಾಗುತ್ತದೆ. ಇದು ಉಪಕಾರವಲ್ಲ, ಹಕ್ಕಿನ ಸಂದಾಯ.

ಆದ್ದರಿಂದ ನಮ್ಮ ಸಲಹೆ ಸರಳವಾದುದು. ಪ್ರತಿದಿನ ಮಗ್ರಿಬ್ ಬಳಿಕ ಕಾಲು ಗಂಟೆ ಮೊಬೈಲುಗಳನ್ನು ಬದಿಗಿಟ್ಟು ಮನೆಮಂದಿಯೆಲ್ಲ ಕೈಯಿಂದ ಏನಾದರೂ ಮಾಡಲಿ. ಒಬ್ಬರು ನಾಲ್ಕು ಸಾಲು ಬರೆಯಲಿ, ಒಬ್ಬರು ಹತ್ತು ಹೊಲಿಗೆ ಹಾಕಲಿ, ಮಗು ಒಂದು ಚಿತ್ರ ಬಿಡಿಸಲಿ. ಚೆನ್ನಾಗಿದೆಯೇ ಎಂಬ ಪ್ರಶ್ನೆ ಬೇಡ, ಆಯಿತೇ ಎಂಬ ಪ್ರಶ್ನೆ ಸಾಕು. ಬಣ್ಣದ ಪೆಟ್ಟಿಗೆಯು ಕಪಾಟಿನ ಮೇಲಿರದೆ ಕೈಗೆಟಕುವಲ್ಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನಗಳು. ದಿನಕ್ಕೆ ಕಾಲು ಗಂಟೆಯಂತೆ ಒಟ್ಟು 30 ಗಂಟೆಗೂ ಹೆಚ್ಚು. ಮಳೆ ನಿಲ್ಲುವ ಹೊತ್ತಿಗೆ ಒಂದೊಂದು ಮನೆಯಿಂದಲೂ ಒಂದು ಕೈಬರಹ ಪತ್ರಿಕೆ ಹೊರಬರಲು ಅಷ್ಟು ಸಾಕು. ಮದ್ರಸಗಳೂ ಜಮಾಅತ್ ಕಮಿಟಿಗಳೂ ಅವುಗಳನ್ನು ಒಟ್ಟುಗೂಡಿಸಿ ಊರಿಗೆ ತೋರಿಸಲಿ. ಹೆಣ್ಣುಮಕ್ಕಳ ಬರಹಗಳಿಗೆ ಅಲ್ಲಿ ಮೊದಲ ಸ್ಥಾನವಿರಲಿ.

ಮಳೆಯನ್ನು ಅಲ್ಲಾಹನ ಅನುಗ್ರಹವೆಂದು ನಂಬುವವರು ನಾವು. ಅದು ಸುರಿಯುವಾಗ ಭೂಮಿ ಚಿಗುರುತ್ತದೆ. ಭೂಮಿ ಚಿಗುರುವ ಕಾಲದಲ್ಲಿ ನಮ್ಮ ಕೈಗಳು ಮಾತ್ರ ಬರಿದಾಗಿರುವುದು ಬೇಡ. ಅಲ್ಪವನ್ನು ನಿರಂತರವಾಗಿ ಮಾಡುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.